ಚರಗ ತಿಂದ ಮೀನುಗಳು

ಹಬ್ಬದ ಅಡಿಗೆಯ ಚರಗ ಹೊಂಡಕ್ಕೆ ಚೆಲ್ಲಿದ್ದರಿಂದಲೇ ಮೀನು ಸತ್ತವು ಎಂದು ಹೇಳಿದ ಮನುಷ್ಯನ ಧ್ವನಿಯನ್ನು ನಾನು ಬೇಕೆಂದಾಗ ತೆಗೆಯಬಲ್ಲೆ. ಮೊದಲು ಗಂಟಲು ಸರಿಮಾಡಿಕೊಳ್ಳಬೇಕು. ಕನ್ನಡಕ ಮೂಗಿನ ತುದಿಗೆ ಇಳಿಯಬೇಕು. ಆಮೇಲೆ ಎದುರಿಗೆ ನಿಂತವರ ತಲೆಯ ಮೇಲಿಂದ ದೂರದ ಯಾವುದೋ ಗುಡ್ಡವನ್ನು ನೋಡುತ್ತ, "ಬೇಸಿಕಲಿ ಏನಾಗುತ್ತೆ ಅಂದ್ರೆ..." ಎನ್ನಬೇಕು. ಅಷ್ಟಕ್ಕೇ ಜನ ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಸವದತ್ತಿಯ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಈ ಧ್ವನಿ ತೆಗೆದು ಎಷ್ಟು ಕಪ್ ಚಹಾ ಪುಕ್ಕಟೆ ಕುಡಿದಿದ್ದೇನೋ ನನಗೇ ನೆನಪಿಲ್ಲ. ಈಗ ಅದು ತಾನಾಗಿ ಬಾಯಿಗೆ ಬಂದರೆ ಹಲ್ಲು ಕಚ್ಚಿಕೊಳ್ಳುತ್ತೇನೆ.

ಆ ಧ್ವನಿ ನಮ್ಮ ಸರ್‌ದು. ಅವರು ವಿಜ್ಞಾನಿ. ನಾನು ಅವರ ಸಂಶೋಧನೆಯ ಕ್ಷೇತ್ರ ಸಹಾಯಕ. ಅಂದರೆ ಬಿಸಿಲಲ್ಲಿ ನಿಲ್ಲುವವನು. ಅವರು ನೆರಳಲ್ಲಿ ನಿಂತು ಬಿಸಿಲಿನ ಬಗ್ಗೆ ಬರೆಯುತ್ತಾರೆ.

ಬೈಲಹೊಂಗಲದ ನಮ್ಮ ಮನೆಯೊಳಗೆ ಕೋಳಿಯ ತತ್ತಿ ಕೂಡ ಹೊಸಿಲು ದಾಟಿ ಬಂದದ್ದಿಲ್ಲ. ಅಂಥ ಮನೆಯ ನಾನು ಓದಿದ್ದು ಮೀನುಗಾರಿಕೆ. ಅವ್ವ ಓಣಿಯವರಿಗೆ "ನಮ್ಮ ಹುಡುಗ ನೀರಿನ ಮ್ಯಾಲ ಓದ್ಯಾನ" ಎಂದಷ್ಟೇ ಹೇಳಿ ಮಾತು ಮುಗಿಸುತ್ತಾಳೆ. ನೀರಿನ ಒಳಗೆ ಏನಿರುತ್ತದೆ ಎನ್ನುವುದು ನಮ್ಮ ಮನೆಯಲ್ಲಿ ಚರ್ಚೆಗೆ ಬರುವುದಿಲ್ಲ. ಅಪ್ಪ ಮಾತ್ರ ನಾನು ಕೆಲಸಕ್ಕೆ ಹೊರಟಾಗಲೆಲ್ಲ ಮೂಗು ಎಳೆದು ವಾಸನೆ ನೋಡುತ್ತಾನೆ. ಅವನು ಮೂಗು ಎಳೆಯುವುದನ್ನೂ ನಾನು ಮಾಡಿ ತೋರಿಸಬಲ್ಲೆ, ಆದರೆ ಅದು ಬರಹದಲ್ಲಿ ಬರುವುದಿಲ್ಲ.

ನಮ್ಮ ಪ್ರಯೋಗ ನಡೆದದ್ದು ಮನೋಳಿಯ ಆಚೆ, ಮಲಪ್ರಭೆಯಿಂದ ಕೂಗಳತೆಯ ದೂರದ ಒಂದು ಎರೆ ಹೊಲದಲ್ಲಿ. ಹೊಲದ ತಗ್ಗಿನಲ್ಲಿ ಕೃಷಿ ಹೊಂಡ. ಹೊಂಡದ ಒಂದು ಬದಿಗೆ ತೇಲುವ ಸೋಲಾರ್ ಫಲಕಗಳು. ಯೋಚನೆ ನಿಜಕ್ಕೂ ಚೆನ್ನಾಗಿತ್ತು, ಸಿಟ್ಟಿನಲ್ಲೂ ಅದನ್ನು ಒಪ್ಪುತ್ತೇನೆ. ಫಲಕಗಳ ನೆರಳಿನಿಂದ ನೀರು ಬೇಗ ಆರುವುದಿಲ್ಲ. ನೀರಿನಲ್ಲಿ ಕಾಟ್ಲಾ, ರೋಹು ಬೆಳೆಯುತ್ತವೆ. ಮೀನಿನ ಹಿಕ್ಕೆ ಬೆರೆತ ನೀರು ಸೋಲಾರ್ ಪಂಪಿನಿಂದ ಜೋಳಕ್ಕೆ, ಬದನೆಗೆ ಹೋಗುತ್ತದೆ. ಗೊಬ್ಬರ ಬೇರೆ ಬೇಡ. ಮೀನಿಗೆ ಉಸಿರು ಕೊಡಲು ಹೊಂಡದ ನಡುವೆ ನೀರನ್ನು ಬಡಿದು ಎರಚುವ ಒಂದು ಚಕ್ರ, ಅದೂ ಬಿಸಿಲಿನ ಕರೆಂಟಿನಿಂದಲೇ.

ಆ ಚಕ್ರದ ವಿಷಯ ತಿಳಿಯದಿದ್ದರೆ ನನ್ನ ಸಿಟ್ಟು ಯಾರಿಗೂ ತಿಳಿಯುವುದಿಲ್ಲ. ಹೊಂಡದ ಹಸಿರು ಪಾಚಿ ಹಗಲು ಬಿಸಿಲಿದ್ದಾಗ ನೀರಿಗೆ ಆಮ್ಲಜನಕ ಕೊಡುತ್ತದೆ. ಕತ್ತಲಾದ ಮೇಲೆ ಕೊಟ್ಟದ್ದನ್ನು ತಾನೇ ವಾಪಸ್ ಹೀರುತ್ತದೆ. ಹಾಗಾಗಿ ಮೀನಿಗೆ ಕೆಟ್ಟ ಹೊತ್ತೆಂದರೆ ಬೆಳಗಾಗುವ ಮುಂಚಿನದು. ಹಗಲೆಲ್ಲ ಮೋಡ ಮುಚ್ಚಿದ್ದರೆ ಇನ್ನೂ ಕೆಟ್ಟದ್ದು. ಆ ಹೊತ್ತಿಗೆ ಸೂರ್ಯನಿರುವುದಿಲ್ಲವಲ್ಲ, ಅದಕ್ಕೇ ಒಂದು ಬ್ಯಾಟರಿ. ಹಗಲು ತುಂಬಿಸಿಕೊಂಡದ್ದನ್ನು ಅದು ನಸುಕಿನಲ್ಲಿ ಚಕ್ರಕ್ಕೆ ಕೊಡುತ್ತದೆ. ಕೊಟ್ಟಿಗೆಯ ಮೂಲೆಯಲ್ಲಿ ಸಣ್ಣ ಟ್ರಂಕಿನಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಶ್ರಾವಣದಲ್ಲಿ ಜಿಟಿಜಿಟಿ ಮಳೆ ಹಿಡಿದು ದಿನಗಟ್ಟಲೆ ಸೂರ್ಯ ಮುಖ ತೋರದಿದ್ದಾಗಲೂ, ಸಿಕ್ಕಷ್ಟು ಬೆಳಕನ್ನು ಕೂಡಿಹಾಕಿಕೊಂಡು ಆ ಪೆಟ್ಟಿಗೆ ಮೀನುಗಳನ್ನು ಉಳಿಸಿತ್ತು. ನಾನು ಮೀಟರ್ ಹಿಡಿದು ನೋಡಿದ್ದೇನೆ.

ಹೊಲದ ಒಡತಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು, ನಾನೂ. ಕೊರಳಲ್ಲಿ ಲಿಂಗದ ಕರಡಿಗೆ, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಎಲೆ ಅಡಿಕೆ, ನಾಲಿಗೆಯಲ್ಲಿ ಬ್ಲೇಡು. ಗಂಡ ತೀರಿಕೊಂಡ ಮೇಲೆ ಹೊಲವನ್ನು ಅವಳೇ ನೋಡಿಕೊಂಡಿದ್ದಳು. ಸರ್ ಬಂದು ಪ್ರಯೋಗಕ್ಕೆ ಹೊಂಡ ಕೇಳಿದಾಗ ಅವಳ ಮೈದುನ ಕುಣಿದಾಡಿದ್ದನಂತೆ: "ವೈನಿ, ಲಿಂಗ ಕಟ್ಟಿದವರ ಹೊಲದಾಗ ಮೀನಾ? ನಾಳೆ ಮಂದಿ ಏನಂದಾರು?" ಆಯಿ ಅಂದದ್ದು ಊರಿಗೆಲ್ಲ ಗೊತ್ತು: "ಮಂದಿ ನನ್ನ ಜ್ವಾಳಕ್ಕ ನೀರ ಬಿಡಾಕ ಬರತಾರೇನು?"

ಆದರೂ ಅವಳದೊಂದು ಕರಾರು. ಮೀನನ್ನು ಅವಳ ಹೊಲದಲ್ಲಿ ಕೊಯ್ಯುವ ಹಾಗಿಲ್ಲ, ಸಾಯಿಸುವ ಹಾಗಿಲ್ಲ. ಸವದತ್ತಿಯಿಂದ ವ್ಯಾಪಾರಿ ಬಂದರೆ ನೀರು ತುಂಬಿದ ಡ್ರಮ್ಮಿನಲ್ಲಿ ಜೀವಂತ ಒಯ್ಯಬೇಕು. "ಬದು ದಾಟಿದ ಮ್ಯಾಲ ಅವರವರ ಹಣೇಬಾರ," ಎಂದು ಅವಳು ಆಕಾಶಕ್ಕೆ ಕೈ ಮಾಡುತ್ತಿದ್ದಳು. "ನನ್ನ ಬದುವಿನೊಳಗ ಇರೂತನಕ ಅವು ನನ್ನ ಬಾಡಿಗಿದಾರು."

ನಾನು ಅವಳ ಮುಂದೆ ಅವಳನ್ನೇ ಮಾಡಿ ತೋರಿಸುತ್ತಿದ್ದೆ, ಎಲೆಗೆ ಸುಣ್ಣ ಹಚ್ಚುತ್ತ, ಅರ್ಧ ಕಣ್ಣು ಮುಚ್ಚಿ.

"ಏ ಮಂಗ್ಯಾ," ಎನ್ನುತ್ತಿದ್ದಳು, "ನಾ ಸತ್ತ ಮ್ಯಾಲ ನೀನ ಬಂದ ನನ್ನ ಮನ್ಯಾಗ ಕುಂದರು. ಸೊಸೆಂದಿರಿಗೆ ಗೊತ್ತ ಆಗೂದಿಲ್ಲ."

ಮೈದುನ ದೂರದಿಂದ ಕೂಗುತ್ತಿದ್ದ: "ಯಾಕಲೇ, ಮೀನ ಡಾಕ್ಟರಾ, ಇವತ್ತ ಯಾವ ಮೀನಿಗೆ ನೆಗಡಿ ಆಗೇತಿ?"

"ನಿಮ್ಮಂಗ ನೀರ ಬಿಟ್ಟ ಬ್ಯಾರೇ ಕುಡಿಯೂದಿಲ್ಲರೀ ಕಾಕಾ, ಆರಾಮ ಅದಾವು."

ಹೀಗೆ ಎಲ್ಲ ಚೆಂದ ನಡೆದಿತ್ತು. ಎಳ್ಳಮಾವಾಸ್ಯೆಯ ಹಿಂದಿನ ದಿನ ನಮ್ಮ ಸಂಶೋಧನಾ ಸಂಸ್ಥೆಯ ವ್ಯಾನು ಬಂತು.

ಡ್ರೈವರ್ ಇಳಿದು ಕೊಟ್ಟಿಗೆಗೆ ನಡೆದು, "ಬ್ಯಾಟರಿ ಬಿಚ್ಚರೀ, ಒಯ್ಯಾಕ ಬಂದೇನಿ" ಎಂದ. ರಾಮದುರ್ಗದಲ್ಲಿ ರೈತರಿಗಾಗಿ ಪ್ರದರ್ಶನವಂತೆ. ಒಂದು ತೊಟ್ಟಿಯಲ್ಲಿ ನೀರು ತುಂಬಿ, ಅದರಲ್ಲಿ ಒಂದು ಚಕ್ರ ತಿರುಗಿಸಿ, ದೊಡ್ಡವರಿಗೆ ತೋರಿಸಬೇಕಂತೆ. ಪೆಂಡಾಲಿನ ನೆರಳಿನಲ್ಲಿ ಫಲಕಕ್ಕೆ ಬಿಸಿಲು ಬೀಳುವುದಿಲ್ಲವಂತೆ, ಅದಕ್ಕೆ ಬ್ಯಾಟರಿ. ನಾನು ಅಲ್ಲೇ ನಿಂತು ಸರ್‌ಗೆ ಫೋನ್ ಮಾಡಿದೆ. ಸರ್, ಮೋಡ ಕಟ್ಟಿದೆ, ಮೀನು ದೊಡ್ಡವಾಗಿವೆ, ನಸುಕಿನಲ್ಲಿ ಚಕ್ರ ಇಲ್ಲದಿದ್ದರೆ ತಾಳಲಾರವು, ಬೇರೆ ಬ್ಯಾಟರಿ ನೋಡಿರಿ ಎಂದೆ.

"ಬೇಸಿಕಲಿ ಏನಾಗುತ್ತೆ ಅಂದ್ರೆ," ಎಂದರು ಸರ್, "ರಾಮದುರ್ಗದಲ್ಲಿ ಜನ ಬರ್ತಾರೆ, ಚಕ್ರ ತಿರುಗ್ತಾ ಇರ್ಬೇಕು. ಬ್ಯಾಟರಿ ಬಿಚ್ಚಿ ಕಳಿಸು. ನಿನ್ನ ಹೊಂಡದಲ್ಲಿ ತಿರುಗಿದ್ರೆ ಯಾರು ನೋಡ್ತಾರೆ? ಎರಡು ದಿನ ಅಷ್ಟೇ. ಮೀನೇನು ನಿನ್ನ ಥರ ಮೊಬೈಲ್ ಚಾರ್ಜ್‌ಗೆ ಹಾಕ್ಬೇಕಾ?" ನಕ್ಕರು. ಫೋನ್ ಇಟ್ಟರು.

ಅವರ ಜೋಕಿಗೆ ನಾನೂ ನಗುತ್ತೇನೆ ಎಂದುಕೊಂಡಿರಬೇಕು. ಎಲ್ಲರನ್ನೂ ನಗಿಸುವವನ ಮುಂದೆ ಎಲ್ಲರೂ ತಮಾಷೆಯವರಾಗುತ್ತಾರೆ, ಇದೊಂದು ಪೀಡೆ.

ಡ್ರೈವರ್ ತಾನೇ ವೈರು ಬಿಚ್ಚಿ ಪೆಟ್ಟಿಗೆ ಎತ್ತಿಕೊಂಡು ಹೊರಟ. ಹೊಲದ ಮನೆಯ ಅಂಗಳದಲ್ಲಿ ಆಯಿ ಶೇಂಗಾ ಹೋಳಿಗೆ ಬೇಯಿಸುತ್ತಿದ್ದಳು. "ಬರಿಗೈಲೆ ಹೋಗಬ್ಯಾಡೋ ತಮ್ಮಾ, ಹಬ್ಬದ ಮುಂದ," ಎಂದು ಅವನ ಕೈಗೆ ಬಿಸಿ ಹೋಳಿಗೆ ಇಟ್ಟಳು. ಪೆಟ್ಟಿಗೆ ಯಾಕೆ ಹೊರಟಿದೆ ಎಂದು ಅವಳು ಕೇಳಲಿಲ್ಲ. ರಿಪೇರಿಗೆ ಎಂದುಕೊಂಡಿದ್ದಳಂತೆ.

ಮರುದಿನ ಹಬ್ಬ. ನಮ್ಮ ಕಡೆ ಎಳ್ಳಮಾವಾಸ್ಯೆಯ ದಿನ ಯಾರ ಮನೆಯ ಒಲೆಯೂ ಮನೆಯವರಿಗಷ್ಟೇ ಉರಿಯುವುದಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಬು, ಪುಂಡಿಪಲ್ಯ, ಎಣ್ಣೆಗಾಯಿ ಎಲ್ಲ ಕಟ್ಟಿಕೊಂಡು ಬೀಗರು ಬಿಜ್ಜರ ಸಮೇತ ಹೊಲಕ್ಕೆ ಹೋಗುತ್ತಾರೆ. ಬನ್ನಿ ಗಿಡದ ಬುಡದಲ್ಲಿ ಕಲ್ಲು ತೊಳೆದಿಟ್ಟು ಪೂಜೆ. ಆಮೇಲೆ ಚರಗ: ಅಡಿಗೆಯನ್ನೆಲ್ಲ ಕಲಸಿ ಬುಟ್ಟಿಯಲ್ಲಿ ತುಂಬಿ, ಹೊಲದ ಸುತ್ತ ನಡೆಯುತ್ತ ಹಿಡಿಹಿಡಿಯಾಗಿ ಬೆಳೆಯ ಮೇಲೆ ಎರಚುವುದು. ಬಸುರಿ ಹೆಂಗಸಿಗೆ ಬಯಕೆ ಊಟ ಇಟ್ಟ ಹಾಗೆ ಭೂಮಿಗೆ. ಹುಳಕ್ಕೆ, ಹಕ್ಕಿಗೆ, ಇರುವೆಗೆ ಎಲ್ಲಕ್ಕೂ ಅದರಲ್ಲಿ ಪಾಲು. ಮುಂದಿನವನು "ಹುಲ್ಲುಲ್ಲಿಗೋ" ಎನ್ನುತ್ತಾನೆ, ಹಿಂದೆ ತಂಬಿಗೆ ಹಿಡಿದು ನೀರು ಚಿಮುಕಿಸುವವನು "ಸಲಾಂಬ್ರಿಗೋ" ಎನ್ನುತ್ತಾನೆ.

ಮುಂದೆ ಆಯಿಯ ಮೈದುನ, ಹಿಂದೆ ನಾನು. ಅವನ "ಹುಲ್ಲುಲ್ಲಿಗೋ" ಎಷ್ಟು ಸೊಟ್ಟಗಿತ್ತೋ ಅಷ್ಟೇ ಸೊಟ್ಟಗೆ ನಾನು ಉತ್ತರ ಕೊಡುತ್ತಿದ್ದೆ; ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಹೊಂಡದ ಹತ್ತಿರ ಬಂದಾಗ ಆಯಿ ಬುಟ್ಟಿಗೆ ಕೈ ಹಾಕಿ ದೊಡ್ಡ ಹಿಡಿ ತೆಗೆದು ನೀರಿಗೆ ಎರಚಿದಳು.

"ಆಯೀ, ಮೀನಿಗೆ ಅದು ಬ್ಯಾಡ," ಎಂದೆ.

"ಯಾಕ? ಇರಿವಿಗೆ ಐತಿ, ಹೆಗ್ಗಣಕ್ಕ ಐತಿ. ನನ್ನ ಹೊಲದಾಗ ಉಣ್ಣೂ ಜೀವಕ್ಕ ಪಾಲಿಲ್ಲ ಅಂದ್ರ ಅದೆಂಥಾ ಚರಗೋ?"

ಮೀನುಗಳು ಮೇಲೆದ್ದು ನೀರನ್ನು ಕುದಿಸಿದವು. ಅದನ್ನು ನೋಡಿದ್ದೇ ಬೀಗರ ಮಕ್ಕಳು, ಹಬ್ಬಕ್ಕೆ ಬಂದಿದ್ದ ಯರಗಟ್ಟಿಯ ಅತ್ತೆ, ಅತ್ತೆಯ ಸೊಸೆ, ಎಲ್ಲರೂ ಕಡಬು ಹೋಳಿಗೆ ಎಸೆಯತೊಡಗಿದರು. "ಸಾಕ್ರೆವ್ವಾ, ಸಾಕು!" ಎಂದು ನಾನು ಕೈಯಡ್ಡ ಮಾಡಿ ಓಡಾಡಿದೆ. ಯರಗಟ್ಟಿಯ ಅತ್ತೆಗೆ ಅದು ಬಸ್ ಕಂಡಕ್ಟರನ ಅಣಕದ ಹಾಗೆ ಕಂಡಿತು. "ಇನ್ನೊಮ್ಮಿ ಮಾಡೋ ಯಪ್ಪಾ!" ಎಂದಳು. ಮೇಲೆ ಮೋಡ ಹಾಸಿಕೊಂಡಿತ್ತು. ಸಂಜೆ ಮೀಟರ್ ಇಳಿಸಿ ನೋಡಿದರೆ ಆಮ್ಲಜನಕ ಆಗಲೇ ಇಳಿದಿತ್ತು. ಸರ್ ಫೋನ್ ಎತ್ತಲಿಲ್ಲ. ಪ್ರದರ್ಶನದ ಗದ್ದಲದಲ್ಲಿ ಇದ್ದಿರಬೇಕು. ನೀರೆತ್ತಿ ಸುರಿಯಲು ಡೀಸೆಲ್ ಎಂಜಿನ್ ಇದ್ದ ಪಕ್ಕದ ಹೊಲದವನು ಬೀಗರ ಊರಿನಲ್ಲಿದ್ದ, ಕೀಲಿ ಅವನ ಕಿಸೆಯಲ್ಲಿತ್ತು.

ಆ ರಾತ್ರಿಯದನ್ನು ಬರೆಯುವುದಿಲ್ಲ. ನಾನೂ ಆಯಿಯ ಆಳುಮಗನೂ ಬಿದಿರ ಗಳ ಹಿಡಿದು ನೀರು ಬಡಿದೆವು ಎಂದಷ್ಟೇ ಹೇಳಬಲ್ಲೆ. ಮನುಷ್ಯರು ಎಷ್ಟೆಂದು ಬಡಿಯುತ್ತಾರೆ?

ಬೆಳಗಾದಾಗ ಹೊಂಡ ಬಿಳಿಯಾಗಿತ್ತು. ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದ ಮೀನುಗಳ ನಡುವೆ ಅಲ್ಲಲ್ಲಿ ನೆನೆದು ಉಬ್ಬಿದ ಹೋಳಿಗೆಯ ತುಂಡು. ಆಯಿ ದಂಡೆಗೆ ಬಂದು ನಿಂತಳು. ಆಳುಮಗನಿಗೆ, "ಬದುವಿನೊಳಗ ತೆಗ್ಗ ತೋಡು" ಎಂದಳು. ಮೀನುಗಳನ್ನು ಬಲೆಯಿಂದ ಎತ್ತಿ ಗುಂಡಿಗೆ ಇಳಿಸಿದೆವು. ನಮ್ಮ ಜನರಲ್ಲಿ ಸತ್ತವರನ್ನು ಹೇಗೆ ಮಣ್ಣು ಮಾಡುತ್ತಾರೋ ಹಾಗೆ ಅವಳು ಮೇಲಿನಿಂದ ವಿಭೂತಿ ಉದುರಿಸಿದಳು, ಬಿಲ್ವಪತ್ರಿ ಹಾಕಿದಳು. ಬೇರೆ ದಿನವಾಗಿದ್ದರೆ ಕಾಟ್ಲಾ ಮೀನಿಗೆ ವಿಭೂತಿ ಎಂಬುದರ ಮೇಲೆ ನಾನು ವರ್ಷವಿಡೀ ಜನರನ್ನು ನಗಿಸುತ್ತಿದ್ದೆ. ಅವತ್ತು ಗುಂಡಿಗೆ ಮಣ್ಣು ಎಳೆದೆ.

ಆಗ ಸರ್ ಫೋನ್ ಬಂತು. ನಾನು ಹೇಳಿದೆ. ಅವರು ಕೇಳಿದರು: "ನಾವು ಕೊಡೋ ಫೀಡ್ ಬಿಟ್ಟು ಬೇರೆ ಏನಾದ್ರೂ ಹೊಂಡಕ್ಕೆ ಬಿತ್ತಾ?"

ಸುಳ್ಳು ಹೇಳಲಿಕ್ಕೆ ಕಾರಣವೇ ಇರಲಿಲ್ಲ. ಚರಗ ಬಿತ್ತು ಎಂದೆ.

"ಹಾಂ! ಅದೇ ನೋಡು!" ಎಂದರು. ಆ "ಹಾಂ" ಎಂಬುದರಲ್ಲಿ ಇದ್ದ ಸಂತೋಷ! ಕಳೆದುಹೋದ ಚಪ್ಪಲಿ ಗುಡಿಯ ಮೆಟ್ಟಿಲಲ್ಲೇ ಸಿಕ್ಕವನ ಸಂತೋಷ. ಬ್ಯಾಟರಿಯ ಮಾತೆತ್ತಿದೆ. "ಅದು ಸೆಕೆಂಡರಿ," ಎಂದರು.

ಬ್ಯಾಟರಿ ಅವತ್ತೇ ಸಂಜೆ ವಾಪಸ್ ಬಂತು. ಮದುವೆಯ ಅಕ್ಕಿಕಾಳು ಬಿದ್ದು ಮುಗಿದ ಮೇಲೆ ತಾಳಿ ತಂದ ಹಾಗೆ. ಡ್ರೈವರ್ ಅದನ್ನು ಕೊಟ್ಟಿಗೆಯಲ್ಲಿಳಿಸಿ, ಖಾಲಿ ಹೊಂಡ ನೋಡಿ, ವ್ಯಾನು ಹತ್ತಿದ. ಆದರೆ ಅವನ ಜೊತೆ ಬಂದಿದ್ದ ಸಂಸ್ಥೆಯವನೊಬ್ಬ ಊರ ಚಹಾದಂಗಡಿಯಲ್ಲಿ ಕೂತು ಸರ್ ಕಂಡುಹಿಡಿದ ಕಾರಣವನ್ನು ಹಂಚಿ ಹೋದ. ರಾತ್ರಿಯೊಳಗೆ ಊರಿಗೆಲ್ಲ ಗೊತ್ತು: ವಿಜ್ಞಾನಿಗಳೇ ಹೇಳ್ಯಾರ, ಆಯಿ ಚೆಲ್ಲಿದ ಚರಗದಿಂದ ಮೀನು ಸತ್ತಾವು.

ಮೈದುನನಿಗೆ ಅಷ್ಟೇ ಸಾಕಾಯಿತು. ಅಂಗಳದಲ್ಲಿ ನಿಂತು ಹೇಳಿದ: "ದೇವರ ಪರಸಾದದಿಂದ ಜೀವಹತ್ಯೆ ಮಾಡಿದಿ ವೈನಿ. ಮೀನ ಬ್ಯಾಡ ಅಂದ್ರ ಕೇಳಲಿಲ್ಲ. ಈ ಪಾಪ ಯಾರ ತೊಳೀತಾರ? ಹೊಂಡ ಮುಚ್ಚಸು."

ಆಯಿ ಹೊಂಡದ ಕಡೆ ಹೋಗುವುದನ್ನು ಬಿಟ್ಟಳು. ದಿನಕ್ಕೆ ಒಂದೇ ಹೊತ್ತು ಉಣ್ಣತೊಡಗಿದಳು. ಒಂದು ದಿನ ನನ್ನ ಕೈ ಹಿಡಿದು ಕೇಳಿದಳು: "ಖರೇ ಹೇಳೋ ತಮ್ಮಾ, ನನ್ನ ಕೈಲೇ ಸತ್ತವೇನು?"

"ಇಲ್ಲ ಆಯಿ. ಆ ಪೆಟಿಗಿ ಒಯ್ದರಲ್ಲ, ಅದರಿಂದ."

ಅವಳು ನನ್ನ ಮುಖ ನೋಡಿ ತಲೆಯಾಡಿಸಿದಳು. "ನೀ ಎಲ್ಲಾರನ್ನೂ ನಗಸಾಂವ. ನನಗ ಸಮಾಧಾನ ಆಗಲಿ ಅಂತ ಹೇಳತಿ. ಪಾಪ ಅಂದಾಂವ ನನ್ನ ಮೈದುನ, ಅಂವಗ ಹೇಳಿದಾಂವ ನಿಮ್ಮ ಸರ. ಆ ಸರನ ನನ್ನ ಮೈದುನನ ಮುಂದ ಅಲ್ಲ ಅನಬೇಕು. ಅಂದ್ರ ಎರಡೂ ಹೊತ್ತ ಉಣ್ಣತೇನಿ."

ಸರ್‌ಗೆ ಇದು ವರದಿಯ ಒಂದು ಸಾಲು. ಬರೆದು, ಪುಟ ತಿರುಗಿಸಿ, ಊಟಕ್ಕೆ ಹೋಗುವ ಸಾಲು. ಇಲ್ಲಿ ಒಂದು ಮುದುಕಿ ಅದೇ ಸಾಲಿನ ಕೆಳಗೆ ಸಿಕ್ಕು ಒಂದು ಹೊತ್ತಿನ ಊಟ ಬಿಟ್ಟಿದ್ದಳು.

ಕೆಲವು ದಿನಗಳ ಮೇಲೆ ಸರ್ ಬಂದರು, ಕೆಲವು ಅತಿಥಿಗಳನ್ನು ಕರೆದುಕೊಂಡು. ಊರ ಗುಡಿಯ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿದರು. ರೈತರೆಲ್ಲ ಕೆಳಗೆ. ಸರ್ ನಿಂತು ಸುಸ್ಥಿರ ಮೀನು ಸಾಕಣೆಯ ಬಗ್ಗೆ, ಸೌರಶಕ್ತಿಯ ಭವಿಷ್ಯದ ಬಗ್ಗೆ ಮಾತಾಡಿ, ಗುಡ್ಡದ ಕಡೆ ನೋಡಿ ಹೇಳಿದರು: "ತಂತ್ರಜ್ಞಾನದಲ್ಲಿ ತಪ್ಪಿಲ್ಲ. ಬೇಸಿಕಲಿ ಏನಾಗುತ್ತೆ ಅಂದ್ರೆ, ನಮ್ಮ ರೈತರಲ್ಲಿ ಶಿಸ್ತಿಲ್ಲ. ಹಬ್ಬ ಅಂತ ಹೊಂಡಕ್ಕೆ ಅನ್ನ ಸುರಿದ್ರು. ನೀರು ಕೆಡ್ತು. ಮೀನು ಹೋಯ್ತು."

ಮೈದುನ ತಿರುಗಿ ಆಯಿಯನ್ನು ನೋಡಿದ. ಆಯಿ ನೆಲ ನೋಡಿದಳು.

ನಾನು ಎದ್ದು ನಿಂತೆ. ಯೋಚನೆ ಮಾಡಿ ಎದ್ದದ್ದಲ್ಲ. ಮಾತಾಡಬೇಕೆಂದು ಬಾಯಿ ತೆರೆದರೆ ಹೊರಬಂದದ್ದು ಸರ್ ಧ್ವನಿ. ಕನ್ನಡಕ ಮೂಗಿನ ತುದಿಯಲ್ಲಿ. "ಬೇಸಿಕಲಿ ಏನಾಗುತ್ತೆ ಅಂದ್ರೆ, ರಾಮದುರ್ಗದಲ್ಲಿ ಜನ ಬರ್ತಾರೆ, ಚಕ್ರ ತಿರುಗ್ತಾ ಇರ್ಬೇಕು. ಬ್ಯಾಟರಿ ಬಿಚ್ಚಿ ಕಳಿಸು. ನಿನ್ನ ಹೊಂಡದಲ್ಲಿ ತಿರುಗಿದ್ರೆ ಯಾರು ನೋಡ್ತಾರೆ? ಮೀನೇನು ನಿನ್ನ ಥರ ಮೊಬೈಲ್ ಚಾರ್ಜ್‌ಗೆ ಹಾಕ್ಬೇಕಾ?"

ಕಟ್ಟೆ ಒಡೆದು ಬೀಳುವ ಹಾಗೆ ಜನ ನಕ್ಕರು. ಅತಿಥಿಗಳು ನಕ್ಕರು. ಒಬ್ಬ ಮೊಬೈಲ್ ಎತ್ತಿ, "ಮತ್ತೊಮ್ಮೆ, ಮತ್ತೊಮ್ಮೆ" ಎಂದ. ಮೈದುನನೂ ತೊಡೆ ತಟ್ಟಿಕೊಂಡ. ಕಡೆಗೆ ಸರ್ ಕೂಡ ನಕ್ಕು, ನನ್ನ ಬೆನ್ನು ಚಪ್ಪರಿಸಿ, "ನಮ್ಮ ಹುಡುಗ ದೊಡ್ಡ ಕಲಾವಿದ" ಎಂದರು. ಸತ್ಯವನ್ನು ಪೂರ್ತಿ ಹೇಳಿದ್ದೆ, ಒಂದಕ್ಷರ ಕೂಡ ಕೈಯಿಂದ ಹಾಕಿರಲಿಲ್ಲ, ಅದಕ್ಕೆ ಸಿಕ್ಕಿದ್ದು ಚಪ್ಪಾಳೆ. ಆ ಕ್ಷಣ ನನ್ನ ಗಂಟಲನ್ನು ನಾನೇ ಹಿಚುಕಬೇಕೆನಿಸಿತು.

ಒಬ್ಬಳು ಮಾತ್ರ ನಗಲಿಲ್ಲ. ಆಯಿ ಮೊಣಕಾಲಿಗೆ ಕೈ ಊರಿ ಎದ್ದಳು.

"ಸರ, ಇಂವ ಈಗ ಅಂದದ್ದ ಖರೇನೋ ಸುಳ್ಳೋ?"

"ಅವನು ಕಾಮಿಡಿ ಮಾಡ್ತಾನೆ ಬಿಡಿ ಅಮ್ಮಾ."

"ಮಾಡ್ಲಿ. ನೀವ ಹಂಗ ಅಂದಿದ್ರೇನು? ನಾ ಹೋಳಿಗಿ ಕೊಟ್ಟ ಕಳಸಿದ್ನೆಲ್ಲ, ಆ ಕರೇ ಪೆಟಿಗಿ, ಅದು ರಿಪೇರಿಗೆ ಹೋಗಿದ್ದಿಲ್ಲೇನು?"

ನಗು ಹಿಂದಿನ ಸಾಲಿನಿಂದ ಆರುತ್ತ ಬಂತು. ಸರ್ ಗಂಟಲು ಸರಿಮಾಡಿಕೊಂಡರು. ಆಯಿ ನನ್ನ ಕಡೆ ತಿರುಗಿದಳು. "ಅಣಕಸಬ್ಯಾಡ. ನೆಟ್ಟಗ ಹೇಳು. ಪೆಟಿಗಿ ಇದ್ದಿದ್ರ ಬದಕತಿದ್ದವೇನು?"

"ಚರಗದಿಂದ ನೀರ ಕೆಟ್ಟದ್ದು ಖರೆ ಆಯಿ," ಎಂದೆ. ನನ್ನ ಧ್ವನಿ ತೆಳ್ಳಗೆ, ಯಾರದೋ ಮನೆಯ ಹುಡುಗನದರಂತೆ ಕೇಳಿಸಿತು. "ಆದ್ರ ಚಕ್ರ ತಿರಗಿದ್ರ ತಡಕೋತಿದ್ದವು. ಶ್ರಾವಣದಾಗ ಇದಕ್ಕಿಂತ ಕೆಟ್ಟ ಮೋಡ ಇತ್ತು, ಆಗ ತಡಕೊಂಡಾವು."

"ವೈಜ್ಞಾನಿಕವಾಗಿ ಅಷ್ಟು ಖಚಿತವಾಗಿ ಹೇಳೋಕೆ ಬರೋದಿಲ್ಲ," ಎಂದರು ಸರ್.

"ಹಂಗಾರ ಚರಗದಿಂದ ಸತ್ತವು ಅಂತ ಹೆಂಗ ಹೇಳಿದ್ರಿ?" ಎಂದಳು ಆಯಿ.

ಈ ಸಲ ಯಾರೂ ನಗಲಿಲ್ಲ. ಸರ್ ಗಡಿಯಾರ ನೋಡಿಕೊಂಡರು. ಅತಿಥಿಗಳಿಗೆ ಊಟಕ್ಕೆ ಹೊತ್ತಾಗಿತ್ತಂತೆ. ಕಾರಿನ ಬಾಗಿಲು ಹಾಕಿಕೊಳ್ಳುವ ಮುಂಚೆ ನನಗೆ ಹೇಳಿದರು: "ನೀನು ನಾಳೆಯಿಂದ ಬರೋದು ಬೇಡ. ಪ್ರಾಜೆಕ್ಟ್ ಕಿತ್ತೂರು ಕಡೆ ಶಿಫ್ಟ್ ಮಾಡ್ತೀವಿ."

ಮರುದಿನ ನಾನು ಹೋದೆ. ಬೇಡ ಎಂದದ್ದಕ್ಕೇ ಹೋದೆ. ಬೈಲಹೊಂಗಲದಿಂದ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಸರ್‌ಗೆ ಹೇಳಬೇಕಾದ ಬೈಗುಳಗಳನ್ನು ಬೇರೆಬೇರೆ ಧ್ವನಿಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಹೊಲಕ್ಕೆ ಬಂದರೆ ವ್ಯಾನು ಆಗಲೇ ನಿಂತಿತ್ತು. ಫಲಕಗಳನ್ನು ಬಿಚ್ಚಿ ದಂಡೆಗೆ ಎಳೆದಿದ್ದರು. ಆದರೆ ಡ್ರೈವರ್ ಕೊಟ್ಟಿಗೆಯ ಬಾಗಿಲಲ್ಲಿ ತಲೆ ಕೆರೆಯುತ್ತ ನಿಂತಿದ್ದ. ಒಳಗೆ ಬ್ಯಾಟರಿಯ ಪೆಟ್ಟಿಗೆಯ ಮೇಲೆ ಆಯಿ ಕೂತಿದ್ದಳು, ಮಡಿಲಲ್ಲಿ ಎಲೆ ಅಡಿಕೆಯ ಚಂಚಿ.

"ಏಳ್ರಿ ಆಯಿ," ಎಂದು ಡ್ರೈವರ್ ಅಂಗಲಾಚುತ್ತಿದ್ದ. "ನನ್ನ ನೌಕರಿ ಹೋಗತೈತಿ."

"ನಿನ್ನ ಮ್ಯಾಲ ನನಗ ಸಿಟ್ಟಿಲ್ಲೋ ತಮ್ಮಾ. ನಿಮ್ಮ ಸರಗ ಫೋನ ಹಚ್ಚು. ನನ್ನ ಮ್ಯಾಲ ಹೊರಿಸಿದ ಮಾತ ತಗೊಂಡ ಹೋಗು ಅನ್ನು, ಆಮ್ಯಾಲ ಪೆಟಿಗಿ ತಗೊಂಡ ಹೋಗು."

ಡ್ರೈವರ್ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಅವಳ ಮುಂದೆ ಹಿಡಿದ. ಅಷ್ಟರಲ್ಲಿ ಗದ್ದಲ ಕೇಳಿ ಮೈದುನ ಬದುವಿನ ಮೇಲೆ ಬಂದು ನಿಂತಿದ್ದ.

"ಅಮ್ಮಾ, ಅದು ಸರ್ಕಾರಿ ಸಾಮಾನು," ಎಂದಿತು ಸರ್ ಧ್ವನಿ. "ಹಾಗೆಲ್ಲ ಕೂರಬಾರದು."

"ಅದು ಸರಕಾರದ್ದು, ಖರೆ. ಪಾಪ ಯಾರದ್ದು?"

ಸರ್ ಧ್ವನಿ ತಗ್ಗಿಸಿದರು. "ನೋಡಿ, ನಿಖರವಾದ ಕಾರಣ ತಿಳಿದುಬಂದಿಲ್ಲ ಅಂತ ಬರೆಸ್ತೀನಿ. ಸರೀನಾ? ಅಲ್ಲಿಗೆ ಮುಗೀತಲ್ಲ?"

ಆಯಿ ಅಡಿಕೆಯನ್ನು ದವಡೆಯ ಇನ್ನೊಂದು ಬದಿಗೆ ಸರಿಸಿದಳು. "ನಿಮಗ ತಿಳದೈತಲ್ರೀ," ಎಂದಳು.

ಫೋನ್ ಕಟ್ಟಾಯಿತು. ಡ್ರೈವರ್ ಮತ್ತೆ ಹಚ್ಚಿದ. ಎತ್ತಲಿಲ್ಲ. ಇನ್ನೊಮ್ಮೆ ಹಚ್ಚಿದ. ಸ್ವಿಚ್ ಆಫ್. ಬಾಯಿಪಾಠ ಮಾಡಿ ತಂದಿದ್ದ ಬೈಗುಳಗಳೆಲ್ಲ ನನ್ನ ಬಾಯಲ್ಲೇ ಉಳಿದವು. ನಾನು ಆಯಿಯ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಕೂತು ಒಂದು ಮಾತೂ ಆಡಲಿಲ್ಲ, ಇದನ್ನು ಹೇಳಿದರೆ ನಮ್ಮ ಅವ್ವ ನಂಬುವುದಿಲ್ಲ.

ಬಿಸಿಲು ಏರಿತು. ಬದುವಿನ ಮೇಲೆ ನಿಂತಿದ್ದ ಮೈದುನ ಎತ್ತಲೋ ಹೋದ. ಹೋದನಲ್ಲ, ಇನ್ನು ಊರಿನವರನ್ನು ಕರೆತಂದು ಅತ್ತಿಗೆಯನ್ನು ಎಬ್ಬಿಸುತ್ತಾನೆ ಎಂದುಕೊಂಡೆ. ಆದರೆ ಅವನು ಒಬ್ಬನೇ ವಾಪಸ್ ಬಂದ. ಕೈಯಲ್ಲಿ ಅರಿವೆಯಲ್ಲಿ ಕಟ್ಟಿದ ಬುತ್ತಿ. ಪೆಟ್ಟಿಗೆಯ ಮುಂದೆ ನಿಂತು, ಅತ್ತಿಗೆಯ ಮುಖ ನೋಡದೆ, ಡ್ರೈವರನಿಗೆ ಹೇಳಿದ:

"ನಿಮ್ಮ ಸಾಹೇಬಗ ಹೇಳು. ತಿಳದಿಲ್ಲ ಅಂದಾಂವ ನಮ್ಮ ವೈನಿ ಹೆಸರ ಹೆಂಗ ತಗೊಂಡ? ಪೆಟಿಗಿ ಬೇಕಂದ್ರ ಅಂವನ ಬರ್ಲಿ."

ಆಮೇಲೆ ಗಂಟು ಬಿಚ್ಚಿದ. ರೊಟ್ಟಿ, ಪುಂಡಿಪಲ್ಯ, ಮೇಲೊಂದು ಉಳ್ಳಾಗಡ್ಡಿ. "ಸರಿ ವೈನಿ, ಆ ಕಡೆ ಸರಿ," ಎಂದು ಅವಳ ಪಕ್ಕ ಪೆಟ್ಟಿಗೆಯ ಮೇಲೆ ತಾನೂ ಕೂತ. ರೊಟ್ಟಿ ಮುರಿದು ಅವಳ ಕೈಗಿಟ್ಟ.

"ನಾ ಮುಂಜಾನಿ ಒಮ್ಮಿ ಉಂಡೇನಿ," ಎಂದಳು ಆಯಿ.

"ಇನ್ನೊಮ್ಮಿ ಉಣ್ಣು."

ಅವಳು ಆ ರೊಟ್ಟಿಯನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದಳು. ಆಮೇಲೆ ಉಳ್ಳಾಗಡ್ಡಿಯನ್ನು ಪೆಟ್ಟಿಗೆಯ ಅಂಚಿಗೆ ಇಟ್ಟು ಮುಷ್ಟಿಯಿಂದ ಗುದ್ದಿ ಒಡೆದಳು.